ರೇಷ್ಮೆ ಚಿಟ್ಟೆ ಕೂತ ಪದ್ಯ

ದಿಬ್ಬೂರಹಳ್ಳಿ
12-8-1957

ಪ್ರೀತಿಯ ಅಕ್ಕನಿಗೆ,

ನಾನು ಬಾಡಿಗೆಗಿರುವ ಈ ಮನೆಯಲ್ಲಿ ರೇಷ್ಮೆಹುಳುವಿಗೆ ನಡುಮನೆ, ಸ್ಕೂಲು ಮೇಷ್ಟರಿಗೆ ಜಗಲಿ. ಹುಳು ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದನ್ನು ಕಂಡು ರಕ್ತ ಕುದಿದು, ‘ಬಂಧನ ಹರಿದು ಹಾರು, ಸೋದರ’ ಎಂಬ ಪದ್ಯ ಬರೆದೆ. ನಿನಗೂ ಒಂದು ನಕಲು ಕಳಿಸಿದೆನಲ್ಲ, ಅದೇ. ಭಾನುವಾರ ಚಿಕ್ಕಬಳ್ಳಾಪುರದ ಕವಿಗೋಷ್ಠಿಯಲ್ಲಿ ಅದನ್ನು ಓದಬೇಕು.

ಬರೀ ಬರೆದರೆ ಸಾಲದು, ಮಾಡಿ ತೋರಿಸಬೇಕೆಂದು ಮನೆಯೊಡತಿ ಅಕ್ಕಯಮ್ಮನವರಿಂದ ಎರಡು ಗೂಡು ಕೇಳಿ ಪಡೆದು ಪದ್ಯದ ಹಾಳೆಯ ಮೇಲಿಟ್ಟಿದ್ದೆ. ನಿನ್ನೆ ಎರಡು ಬಿಳಿ ಚಿಟ್ಟೆ ಹೊರಗೆ ಬಂದವು. ಹಾರಲಿಲ್ಲ ಅಕ್ಕ. ಅಂಗೈಯಲ್ಲಿಟ್ಟು ಮೇಲಕ್ಕೆ ತೂರಿದರೆ ತೊಪ್ಪನೆ ಬಿದ್ದವು. ಆಮೇಲೆ ನನ್ನೆದುರಿಗೇ ಸಂಸಾರ ಹೂಡಿದವು. ಇವತ್ತು ನೋಡಿದರೆ ಪದ್ಯದ ತುಂಬ ಮೊಟ್ಟೆ.

“ಇವು ಯಾವತ್ತೂ ಹಾರಲ್ಲ ಮೇಷ್ಟ್ರೇ, ಮನೇಲಿ ಸಾಕಿ ಸಾಕಿ ಹಾರೋದೇ ಮರ್ತೋಗಿದಾವೆ. ಬರೆಯೋಕ್ ಮುಂಚೆ ಹುಳಾನ ಒಂದು ಮಾತು ಕೇಳ್ಬಾರ್ದಾಗಿತ್ತಾ?” ಎಂದು ಅಕ್ಕಯಮ್ಮ ನಕ್ಕು, ಹಾಳೆಯನ್ನು ಒಳಗೆ ಒಯ್ದಿಟ್ಟರು. ಮೊಟ್ಟೆ ಒಡೆದು ಹುಳು ಬರಲು ಹತ್ತು ದಿನ ಬೇಕಂತೆ, ಅಲ್ಲಿಯವರೆಗೆ ಕೊಡುವುದಿಲ್ಲವಂತೆ.

ನಿನ್ನ ಹತ್ತಿರವಿರುವ ನಕಲನ್ನು ಕಾರ್ಡು ಕಂಡ ಕೂಡಲೇ ಅಂಚೆಗೆ ಹಾಕು. ಭಾವನಿಗೆ ಹೇಳಬೇಡ. ನೆಗಡಿ ವಾಸಿಯಾಗಿದೆ.

ಪದ್ಯವನ್ನು ತಿದ್ದುವುದಿಲ್ಲ, ಇದ್ದ ಹಾಗೇ ಓದುತ್ತೇನೆ. ಗೋಷ್ಠಿಗೆ ಬರುವವರೆಲ್ಲ ಚಂದ್ರನ ಮೇಲೆ ಬರೆಯುವವರು. ಅವರಲ್ಲಿ ಒಬ್ಬರೂ ಚಂದ್ರನನ್ನು ಮನೆಗೆ ತಂದು ನೋಡಿದವರಲ್ಲ.

ಟಪಾಲು ಹೊರಡುವ ಹೊತ್ತಾಯಿತು.

ನಿನ್ನ ತಮ್ಮ
ಕೆಂಪರಾಜ