ಅಕ್ಕನ ಮರುದನಿ ಡಬ್ಬಿ

ರಿಪೇರಿ ಅಂಗಡಿಯಿಂದ,
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಅಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದು ರೇಡಿಯೋ ಕೇಳಿ ಗೊತ್ತಾಯಿತು.

ನಿನ್ನ ಕಾಗದವೂ, ಗಿಟಾರಿಗೆ ಮರುದನಿ ಕೊಡುವ ನಿನ್ನ ಪೆಡಲ್ ಡಬ್ಬಿಯೂ ಒಟ್ಟಿಗೇ ಬಂದವು. ಕೆಟ್ಟುಹೋದ ಡಬ್ಬಿಗೆ ಮತ್ತೆ ಜೀವ ಬರಿಸಿ ಕಳಿಸಬೇಕು, ಜೊತೆಗೆ ಅದರ ಹೊಟ್ಟೆಯಲ್ಲಿ ಏನೇನಿದೆ ಅಂತ ನಿನಗೆ ಬಾಯಿಪಾಠ ಆಗುವ ಹಾಗೆ ಬರೆದು ಕಳಿಸಬೇಕು ಅಂತ ಕೇಳಿದ್ದೀಯ. ಶನಿವಾರ ಬೆಳಿಗ್ಗೆ, ನೀನು 'ಗಡ್ಡದವರು' ಅನ್ನುವ ಆ ದೊಡ್ಡ ಹಾಡುಗಾರರ ಮುಂದೆ, ಅವರ ತಂಡದ ಮುಂದೆ, ಅವರ ಸೌಂಡ್ ಮೇಷ್ಟ್ರ ಮುಂದೆ ನೀನು ಡಬ್ಬಿಯ ಬೆನ್ನು ಬಿಚ್ಚಿ, ಇದನ್ನು ಹೇಗೆ ಮಾಡಿದೆ ಅಂತ ತೋರಿಸಬೇಕಂತೆ. ಅವರು ಮೆಚ್ಚಿಕೊಂಡರೆ ವರ್ಷವಿಡೀ ಅವರ ಜೊತೆ ಊರೂರು ಸುತ್ತಿ ಗಿಟಾರ್ ನುಡಿಸುವವಳು ನೀನೇ ಅಂತೆ. ಫೋನ್ ಮಾಡಬೇಡ ಅಂದಿದ್ದೀಯ, ತಂಡದವರೆಲ್ಲ ಒಂದೇ ಮನೆಯಲ್ಲಿದ್ದೇವೆ, ಗೋಡೆಗೂ ಕಿವಿ ಇರುತ್ತೆ. ಮೆಸೇಜು ಬೇಡವೇ ಬೇಡ, ಹಾಡು ಕೇಳೋಕೆ ಅಂತ ನನ್ನ ಫೋನು ಎಲ್ಲರ ಕೈಯಲ್ಲೂ ಓಡಾಡುತ್ತೆ. ಕಾಗದ ಬರಿ, ಓದಿ ಹರಿದು ಹಾಕುತ್ತೇನೆ ಅಂತ ಕೊನೆಯಲ್ಲಿ ಬರೆದಿದ್ದೀಯ. ಅಪ್ಪಣೆ ಅಕ್ಕ. ಬರೆಯುತ್ತಿದ್ದೇನೆ.

ಮೊದಲು ಡಬ್ಬಿಯ ಕಾಯಿಲೆ ಹೇಳಿಬಿಡುತ್ತೇನೆ. ಕಾಯಿಲೆ ಅನ್ನುವಷ್ಟು ಏನೂ ಇರಲಿಲ್ಲ. ಗಿಟಾರಿನ ವೈರು ಚುಚ್ಚುವ ತೂತಿನ ಹಿಂದೆ ಒಂದು ತಂತಿ ಕಳಚಿಕೊಂಡಿತ್ತು, ಅಷ್ಟೆ. ವೈರನ್ನು ಅದರ ತಲೆಯ ಕಡೆ ಹಿಡಿದು ಮೆಲ್ಲಗೆ ತೆಗಿ ಅಂತ ಎಷ್ಟು ಸಲ ಬಡಕೊಂಡಿದ್ದೇನೆ. ನೀನೋ ವೈರು ಹಿಡಿದು ಗೂಟ ಕಿತ್ತ ಹಾಗೆ ಎಳೆಯುತ್ತೀಯ. ಒಂದು ಚುಕ್ಕೆ ಬೆಸುಗೆಯ ಸೀಸ ಮುಟ್ಟಿಸಿದೆ, ಎದ್ದು ಕೂತಿತು. ಮೇಲಿನ ಧೂಳು ಒರೆಸಿದೆ. ನಿನ್ನ ಶೂವಿನ ಕೆಸರು ಗುಂಡಿಗಳ ಸಂದಿಯಲ್ಲೆಲ್ಲ ಒಣಗಿತ್ತು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದನ್ನೂ ತೆಗೆದೆ.

ಇನ್ನು ಪಾಠ. ಗಮನವಿಟ್ಟು ಓದು. ಚಿಕ್ಕವರಿದ್ದಾಗ ಪರೀಕ್ಷೆಯ ಹಿಂದಿನ ದಿನ ನಾನು ನಿನ್ನ ಪಾಠ ಜೋರಾಗಿ ಓದುವುದು, ನೀನು ಕಣ್ಣು ಮುಚ್ಚಿ ಕೇಳುವುದು, ಬೆಳಿಗ್ಗೆ ನನಗಿಂತ ಹೆಚ್ಚು ಅಂಕ ತರುವುದು ನಡೆಯುತ್ತಿತ್ತಲ್ಲ, ಹಾಗೇ ಅಂದುಕೋ.

ಗಿಟಾರಿನಿಂದ ಬಂದ ದನಿ ಡಬ್ಬಿಯೊಳಗೆ ಎರಡು ದಾರಿ ಹಿಡಿಯುತ್ತದೆ. ಒಂದು ನೆಟ್ಟಗೆ ಸ್ಪೀಕರಿಗೆ ಹೋಗುತ್ತದೆ. ಇನ್ನೊಂದು, ನಡುವೆ ಹುಳದ ಹಾಗೆ ಎರಡೂ ಕಡೆ ಕಾಲು ಚಾಚಿ ಕೂತ ಕರಿಯ ಚಿಪ್ ಒಳಗೆ ಹೋಗುತ್ತದೆ. ಅದು ದನಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ನೀನು ಒಂದು ಸಲ ಮೀಟಿದ್ದು ಎರಡು ಸಲ ಕೇಳುವುದು ಹೀಗೆ. ಬಿಟ್ಟ ದನಿಯಲ್ಲಿ ಒಂದು ಪಾಲನ್ನು ಮತ್ತೆ ಅದರ ಬಾಯಿಗೇ ತುರುಕಿದರೆ ಮೂರನೆಯ ಸಲ, ನಾಲ್ಕನೆಯ ಸಲ ಅಂತ ಸಣ್ಣಗಾಗುತ್ತ ಹೋಗುತ್ತದೆ. ಮೇಲಿನ ಗುಂಡಿಗಳಲ್ಲಿ ಎಡದ್ದು ಮರುದನಿ ಎಷ್ಟು ಜೋರಾಗಿರಬೇಕು ಅನ್ನುವುದಕ್ಕೆ. ನಡುವಿನದು ಎಷ್ಟು ಸಲ ಬರಬೇಕು ಅನ್ನುವುದಕ್ಕೆ. ಬಲಗಡೆಯದು ಟೈಮ್, ಅಂದರೆ ಎಷ್ಟು ತಡವಾಗಿ ಬರಬೇಕು ಅನ್ನುವುದಕ್ಕೆ. ಮರುದನಿ ಗಾಜು ಒಡೆದ ಹಾಗೆ ಕಿರುಚಬಾರದು, ಪಕ್ಕದ ಕೋಣೆಯಿಂದ ಯಾರೋ ಗುನುಗಿದ ಹಾಗಿರಬೇಕು. ಅದಕ್ಕೆ ಅಂತ ದಾರಿಯಲ್ಲಿ ಹಳದಿ ಬಣ್ಣದ ಒಂದು ಕೆಪಾಸಿಟರ್ ಕೂರಿಸಿದ್ದೇನೆ.

ಕೂರಿಸಿದ್ದೀಯ. ತಪ್ಪಾಯಿತು. ನೀನು ಹತ್ತಾರು ಹಾಕಿ, ಕಿತ್ತು, ಮತ್ತೆ ಹಾಕಿ, ಕೊನೆಗೆ ಇದನ್ನು ಆರಿಸಿದೆ. ಹಾಗೆ ಕೀಳುವಾಗ ಬೆಸುಗೆ ಕಡ್ಡಿ ತಗಲಿ ನಿನ್ನ ಎಡಗೈ ಹೆಬ್ಬೆರಳು ಸುಟ್ಟಿತ್ತು. ಸೌಂಡ್ ಮೇಷ್ಟ್ರು ಕೈ ನೋಡಿದರೆ ಏನು ಮಾಡುತ್ತೀಯೋ ಗೊತ್ತಿಲ್ಲ, ಆ ಕಲೆ ನನ್ನ ಬೆರಳಿನ ಮೇಲಿದೆ.

ರೇಡಿಯೋದಲ್ಲಿ ನಿನ್ನ ಸಂದರ್ಶನ ಬಂದಾಗ ನಾನು ಇದೇ ಮೇಜಿನ ಮುಂದೆ ಕೂತಿದ್ದೆ. ಎದುರಿಗೆ ಟೇಬಲ್ ಫ್ಯಾನ್ ತಂದಿದ್ದ ಒಬ್ಬ ಹೆಂಗಸು ನಿಂತಿದ್ದರು. ಅಪ್ಪ ಬಾಗಿಲ ಹತ್ತಿರ ತಮ್ಮ ಕುರ್ಚಿಯಲ್ಲಿದ್ದರು. ಇವಳು ನನ್ನ ಅಕ್ಕ ಅಂತ ಆ ಹೆಂಗಸಿಗೆ ಹೇಳಿ ನಾನೇ ದನಿ ಜೋರು ಮಾಡಿದೆ. ನಿನ್ನ ಹಾಡುಗಳ ಹಿಂದೆ ತೇಲಿಕೊಂಡು ಬರುವ ಆ ದನಿ ಯಾವುದು ಅಂತ ಸಂದರ್ಶನದವಳು ಕೇಳಿದಳು. ಅದು ನಾನೇ ಕೈಯಾರೆ ಮಾಡಿಕೊಂಡ ಪೆಡಲ್, ಅಪ್ಪನ ತೊಡೆ ಮೇಲೆ ಕೂತು ಬೆಸುಗೆ ಹಾಕೋದು ಕಲಿತೆ ಅಂದೆ ನೀನು. ಸೀಸದ ಹೊಗೆಗೆ ತಲೆನೋವು ಬರುತ್ತೆ ಅಂತ ಮೂಗು ಮುಚ್ಚಿಕೊಂಡು ಅಂಗಡಿ ದಾಟುತ್ತಿದ್ದವಳು ನೀನು. ಮನೆಯಲ್ಲಿ ಬೇರೆ ಯಾರಿಗಾದರೂ ಈ ಹುಚ್ಚು ಇದೆಯಾ ಅಂತ ಅವಳು ಕೇಳಿದ್ದಕ್ಕೆ, ಒಬ್ಬಳು ತಂಗಿ ಇದ್ದಾಳೆ, ಅಂಗಡಿ ನೋಡ್ಕೋತಾಳೆ ಅಂದೆ.

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಒಬ್ಬರ ಕೈ ಕೆಸರಾದರೆ ಇನ್ನೊಬ್ಬರ ಬಾಯಿ ಮೊಸರಾಗುತ್ತೆ ಅನ್ನುವುದು ನನಗೆ ಅವತ್ತು ತಿಳಿಯಿತು. ಫ್ಯಾನಿನ ಹೆಂಗಸು ನನ್ನನ್ನೂ ರೇಡಿಯೋವನ್ನೂ ನೋಡಿ, ನಿಮ್ಮಕ್ಕ ಬಹಳ ಬುದ್ಧಿವಂತೆ ಕಣಮ್ಮ, ನೀನೂ ಸ್ವಲ್ಪ ಕಲ್ತ್ಕೋ ಅಂದರು. ಆಗಲಿ ಅಂದೆ. ಅವರ ಫ್ಯಾನು ಸರಿಮಾಡಿ ಕೊಟ್ಟೆ.

ಅದನ್ನೂ ನುಂಗಿಕೊಂಡಿದ್ದೆ ಅಕ್ಕ. ಆದರೆ ಆಮೇಲೆ ನೀನು ಇನ್ನೊಂದು ಮಾತು ಹೇಳಿದೆ. ಹಾಡು ಹಾಡಿಗೂ ಟೈಮ್ ಗುಂಡಿಯನ್ನ ಕೂದಲೆಳೆಯಷ್ಟು ತಿರುಗಿಸ್ತೀನಿ, ಎಲ್ಲಾ ಗುಟ್ಟು ಇರೋದು ಆ ಬೆರಳಲ್ಲೇ ಅಂದೆ. ಆಗ ನನಗೆ ನಗು ಬಂತು. ಯಾಕೆ ಅಂತ ಹೇಳುತ್ತೇನೆ, ಶನಿವಾರದ ಮಟ್ಟಿಗೆ ನೀನು ತಿಳಿದಿರಲೇಬೇಕಾದ ವಿಷಯ ಇದೇ.

ಆ ಗುಂಡಿಗೂ ಒಳಗಿನ ಯಾವುದಕ್ಕೂ ಸಂಬಂಧವಿಲ್ಲ. ಅದರಿಂದ ಒಂದು ತಂತಿಯೂ ಹೋಗಿಲ್ಲ. ಡಬ್ಬಿಯಲ್ಲಿ ತೂತು ಇತ್ತು, ಮುಚ್ಚಲು ಗುಂಡಿ ಇದೆ.

ಹೋಟೆಲಿನಲ್ಲಿ ಸಂಜೆ ಹೊತ್ತು ನುಡಿಸುತ್ತಿದ್ದೆಯಲ್ಲ, ಅಲ್ಲಿನ ಕೊನೆಯ ದಿನ ನೆನಪಿದೆಯಾ? ಹಾಡಿನ ನಡುವೆ ನೀನು ಅದೇ ಗುಂಡಿ ತಿರುಗಿಸಿದ್ದೆ. ಆಗ ಅದಕ್ಕೆ ಜೀವ ಇತ್ತು. ಮರುದನಿ ಒಂದು ಕಡೆ, ಡ್ರಮ್ಮು ಒಂದು ಕಡೆ, ನೀನು ಇನ್ನೊಂದು ಕಡೆ ಹೋದಿರಿ. ನಾಳೆಯಿಂದ ಬರಬೇಡ ಅಂತ ಹೋಟೆಲಿನವನು ಊಟ ಮಾಡುತ್ತಿದ್ದವರ ಎದುರಿಗೇ ಹೇಳಿದ. ನೀನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಡಬ್ಬಿ ಸರಿ ಇಲ್ಲ, ನಿನ್ನ ಕೆಲಸವೇ ಸರಿ ಇಲ್ಲ ಅಂತ ನನ್ನನ್ನು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ನಾನು ಅನ್ನಬಹುದಿತ್ತು. ಅದರ ಬದಲು ನಾನು ಹಳೆಯ ಟೇಪುಗಳನ್ನು ಹಾಕಿಕೊಂಡು ನೀನು ನುಡಿಸಿದ್ದನ್ನೆಲ್ಲ ಕೇಳಿದೆ. ಆಗ ಗೊತ್ತಾಯಿತು. ನಿನ್ನ ಬಲಗೈ ತಾಳಕ್ಕಿಂತ ಒಂದು ಚೂರು ತಡವಾಗಿ ಬೀಳುತ್ತದೆ. ಒಂದು ಸಲ ಅಲ್ಲ, ಪ್ರತಿ ಸಲ. ಬಾಗಿಲಲ್ಲಿ ಕಾಲು ಎಡವಿ ಒಳಗೆ ಬರುವವರ ಹಾಗೆ.

ನಿನಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಅವರ ನಾಲಿಗೆ ಕೀಳುತ್ತಿದ್ದೆ, ಅಷ್ಟು ಇಷ್ಟ ಇತ್ತು ನಿನ್ನ ಮೇಲೆ. ಟೈಮ್ ಗುಂಡಿಯ ತಂತಿಗಳನ್ನು ಕತ್ತರಿಸಿ, ಅದರ ಜಾಗದಲ್ಲಿ ಒಂದು ಚಿಕ್ಕ ರೆಸಿಸ್ಟರ್ ಬೆಸೆದೆ. ನಿನ್ನ ಕೈ ಎಷ್ಟು ತಡವೋ ಅಷ್ಟು ಮೊದಲೇ ಮರುದನಿ ಹೊರಡುವ ಹಾಗೆ ಮಾಡಿದೆ. ಆದ್ದರಿಂದ ನೀನು ತಪ್ಪಾಗಿ ಮೀಟಿದರೂ ಅದರ ಮರುದನಿ ಮುಂದಿನ ತಾಳದ ಮೇಲೆ ಸರಿಯಾಗಿ ಬಂದು ಕೂರುತ್ತದೆ. ಕೇಳುವವರ ಕಿವಿ ಅದನ್ನೇ ಹಿಡಿದುಕೊಳ್ಳುತ್ತದೆ. ನಿನ್ನ ಹಾಡುಗಳೆಲ್ಲ ಒಂದೇ ವೇಗದ ನಡಿಗೆಯವು, ಹಾಗಾಗಿ ಒಂದೇ ಅಳತೆ ಸಾಕಾಯಿತು. ರಿಪೇರಿಯಾಯಿತು ಅಂತ ಕೈಗೆ ಕೊಟ್ಟೆ. ನೀನು ಗುಂಡಿಯನ್ನು ಅತ್ತ ಇತ್ತ ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, ಈಗ ನೋಡು, ಎಷ್ಟು ನಾಜೂಕಾಗಿ ಹೇಳಿದ ಹಾಗೆ ಕೇಳ್ತಿದೆ ಅಂದೆ. ನನಗೆ ಹಾಲು ಕುಡಿದಷ್ಟು ಸಂತೋಷ ಆಗಿತ್ತು ಅವತ್ತು.

ಜನ ನಿನ್ನ ಶೈಲಿ ಅನ್ನುವುದು ಆ ರೆಸಿಸ್ಟರನ್ನು ಅಕ್ಕ. ಅಂಗಡಿಯಲ್ಲಿ ಅಂಥವು ಒಂದು ಡಬ್ಬಿ ತುಂಬ ಬಿದ್ದಿವೆ.

ಈಗ ನೀನೇ ಯೋಚಿಸು. ಸೌಂಡ್ ಮೇಷ್ಟ್ರು ಬೆನ್ನಿನ ತಗಡು ಎತ್ತುತ್ತಾರೆ. ಮೂರು ಗುಂಡಿಯಲ್ಲಿ ಎರಡರಿಂದ ತಂತಿ ಹೊರಟಿದೆ, ಮೂರನೆಯದು ಅನಾಥವಾಗಿ ನಿಂತಿದೆ. ಅವರಂಥವರಿಗೆ ಅದು ಕಾಣಲು ಕನ್ನಡಕವೂ ಬೇಡ. ಇದನ್ನು ಹಾಡು ಹಾಡಿಗೂ ತಿರುಗಿಸ್ತೀರಾ ಅಂತ ಕೇಳುತ್ತಾರೆ. ಆಮೇಲೆ ಅವರ ಕಣ್ಣು ತಗಡಿನ ಒಳಮೈಗೆ ಹೋಗುತ್ತದೆ. ನಮ್ಮ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಸಾಮಾನಿನ ಒಳಗೂ ಯಾರಿಗೆ, ಯಾರ ಕೈಕೆಲಸ ಅಂತ ಸೂಜಿಯಲ್ಲಿ ಗೀಚುವುದು ಅಪ್ಪ ಹಾಕಿದ ಪದ್ಧತಿ. ವಾಪಸ್ಸು ಬಂದರೆ ತಪ್ಪು ಯಾರದು ಅಂತ ಜಗಳ ಇರಬಾರದು ಅಂತ. ಅಂಗಡಿಯ ಮಗಳಾಗಿ ನಿನಗೆ ಅದೊಂದು ನೆನಪಿರಬೇಕಿತ್ತು. ಈ ಡಬ್ಬಿಯಲ್ಲಿ ಗೀಚಿದ್ದು, 'ಅಕ್ಕನಿಗೆ. ತಂಗಿಯ ಕೈಕೆಲಸ.' ನನ್ನ ಅಕ್ಷರ ಆಗಲೂ ಗುಂಡಗೇ ಇತ್ತು, ಕೊನೆಯ ಸಾಲಿನಲ್ಲಿ ಕೂತವರೂ ಓದಬಹುದು.

ಆದ್ದರಿಂದ ನನ್ನ ಬುದ್ಧಿಮಾತು ಕೇಳು. ಏನೇ ಆಗಲಿ, ಡಬ್ಬಿಯನ್ನು ಬಿಚ್ಚಲು ಬಿಡಬೇಡ. ಸ್ಕ್ರೂ ತುಕ್ಕು ಹಿಡಿದಿದೆ ಅನ್ನು, ಹೊಟ್ಟೆನೋವು ಅನ್ನು. ಅದಕ್ಕಿಂತ ಸುಲಭದ ದಾರಿಯೂ ಇದೆ. ಬಿಚ್ಚುವ ಮುಂಚೆ ಗಡ್ಡದವರ ಹತ್ತಿರ ಹೋಗಿ, ಇದನ್ನ ಮಾಡಿದ್ದು ನನ್ನ ತಂಗಿ ಅಂತ ಒಂದು ಮಾತು ಹೇಳಿಬಿಡು. ಅವರಿಗೆ ಬೇಕಾಗಿರುವುದು ಗಿಟಾರ್ ನುಡಿಸುವವಳು, ರಿಪೇರಿಯವಳಲ್ಲ. ನಕ್ಕು ಸುಮ್ಮನಾಗುತ್ತಾರೆ. ನಿನ್ನ ಜಾಗ ನಿನಗೇ ಉಳಿಯುತ್ತದೆ. ಒಂದೇ ಒಂದು ಮಾತು, ಖರ್ಚಿಲ್ಲ ವೆಚ್ಚವಿಲ್ಲ.

ನೀನು ಕೇಳಬಹುದು, ಇಷ್ಟೆಲ್ಲ ಗೊತ್ತಿದ್ದವಳು ಆ ತಂತಿಗಳನ್ನು ಸೇರಿಸಿ, ಗೀಚಿದ್ದನ್ನು ಉಜ್ಜಿ ಅಳಿಸಿ ಕಳಿಸಬಹುದಿತ್ತಲ್ಲ ಅಂತ. ಅದನ್ನೇ ಮಾಡಲು ಕೂತಿದ್ದೆ. ನಿನ್ನ ಆಣೆಗೂ. ಕಡ್ಡಿ ಕಾದಿತ್ತು, ಮರಳು ಕಾಗದ ಪಕ್ಕದಲ್ಲಿತ್ತು. ಆಗ ಅಪ್ಪ ಕುರ್ಚಿಯಿಂದ ಎದ್ದು ಬಂದು, ಏನದು ಅಂತ ಬಗ್ಗಿ ನೋಡಿದರು. ಅಕ್ಕನ ಪೆಡಲ್ ಅಂದೆ. ಅವರ ಮುಖ ಅರಳಿತು. ಅವಳು ಮಾಡಿದ್ದಾ, ಜೋಪಾನ ಕಣೇ, ಏನಾದ್ರೂ ಕೆಡಿಸಿಟ್ಟೀಯ ಅಂದರು.

ಅಪ್ಪನಿಗೆ ಮರೆವಿಲ್ಲ ಅಕ್ಕ. ನಾನು ಅದನ್ನು ಮಾಡುವಾಗ ನಡುಗುವ ಕೈಯಲ್ಲಿ ಟಾರ್ಚು ಹಿಡಿದು ನಿಂತವರು ಅವರೇ. ಆದರೆ ಜೀವಮಾನವಿಡೀ ರೇಡಿಯೋ ರಿಪೇರಿ ಮಾಡಿದವರು, ಅದು ಸುಳ್ಳು ಹೇಳುತ್ತೆ ಅಂದರೆ ಒಪ್ಪುವುದಿಲ್ಲ. ನಿನ್ನ ಮಾತು ಕೇಳಿದ ಮೇಲೆ, ತೊಡೆ ಮೇಲೆ ಕೂತು ಕಲಿತವಳು ನೀನು ಅಂತಲೇ ಅವರಿಗೆ ನೆನಪಾಗತೊಡಗಿದೆ. ಬಂದವರಿಗೆಲ್ಲ ಹಾಗೇ ಹೇಳುತ್ತಾರೆ. ನಾನು ಎದುರಿಗೇ ಕೂತಿರುತ್ತೇನೆ. ನನ್ನ ಪಾಲಿಗೆ ಇದ್ದದ್ದು ಅದೊಂದೇ ಅಕ್ಕ, ಅಪ್ಪ ಟಾರ್ಚು ಹಿಡಿದು ನಿಂತದ್ದು. ಅದನ್ನೂ ನೀನು ಎತ್ತಿಕೊಂಡು ಹೋದೆ.

ಕಡ್ಡಿಯನ್ನು ಆರಿಸಿ ಇಟ್ಟೆ. ಮರಳು ಕಾಗದವನ್ನು ಡ್ರಾಯರಿಗೆ ಹಾಕಿದೆ. ತಗಡು ಮುಚ್ಚಿ, ನೀನು ಸುಲಭವಾಗಿ ಬಿಚ್ಚಲಿ ಅಂತ ಸ್ಕ್ರೂಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟೆ.

ಓದಿ ಹರಿದು ಹಾಕು, ನೀನೇ ಹೇಳಿದ ಹಾಗೆ. ಮೈ ಕಡೆ ನೋಡಿಕೋ. ಮನೆಗೆ ಬರುವುದಾದರೆ ಮೊದಲೇ ತಿಳಿಸು, ನಿನ್ನ ಕೋಣೆಯಲ್ಲಿ ಈಗ ಹಳೆಯ ಸ್ಪೀಕರುಗಳನ್ನು ಇಟ್ಟಿದ್ದೇನೆ, ಎತ್ತಿಸಬೇಕು.

ಇಂತಿ,
ಅಂಗಡಿ ನೋಡಿಕೊಳ್ಳುವ ನಿನ್ನ ತಂಗಿ

ಹೇಳಲು ಬಿಟ್ಟುಹೋಯಿತು. ಡಬ್ಬಿಯನ್ನು ನಿನ್ನೆ ಸಂಜೆಯ ಬಸ್ಸಿನಲ್ಲೇ ಡ್ರೈವರ್ ಕೈಗೆ ಕೊಟ್ಟು ಕಳಿಸಿದೆ, ಇಷ್ಟು ಹೊತ್ತಿಗೆ ನಿನ್ನ ಕೈ ಸೇರಿರಬೇಕು. ಈ ಕಾಗದವನ್ನು ಈಗ ಸಾದಾ ಅಂಚೆಗೆ ಹಾಕುತ್ತೇನೆ, ನಿನಗೆ ಮುಟ್ಟುವಾಗ ಮುಂದಿನ ವಾರ ಆಗಿರುತ್ತದೆ. ಕಾಗದ ಇಲ್ಲದ್ದು ನೋಡಿ ನೀನು ಗಾಬರಿಯಾಗಬಾರದು ಅಂತ ಡಬ್ಬಿಯ ಜೊತೆ ಒಂದು ಚೀಟಿ ಇಟ್ಟಿದ್ದೆ, ಓದಿಕೊಂಡೆ ತಾನೇ? 'ಎಲ್ಲ ಸರಿಯಾಗಿದೆ ಅಕ್ಕ. ಧೈರ್ಯವಾಗಿ ಬಿಚ್ಚಿ ತೋರಿಸು.'