ಗಣಿಕೆಯ ಹಸಿರು ಕಾಯಿ

ಶೆಟ್ಟಿಹಳ್ಳಿ, ತುಮಕೂರು
ಕಾರ್ತಿಕ ಸೋಮವಾರ, ೧೯೮೮

ನನ್ನ ಗಂಗೂ,

ಮಗಳಿಗೆ ಬಾಯಿಹುಣ್ಣಾಗಿದೆ, ಗಣಿಕೆ ಸೊಪ್ಪು ಕೊಡಬಹುದೇ ಎಂದು ಕುಣಿಗಲ್ಲಿನಿಂದ ಕೇಳಿ ಬರೆದಿದ್ದೀಯ. ಓದಿ ಒಬ್ಬಳೇ ನಕ್ಕೆ. ಯಾರು ಬೇಕಾದರೂ ಇದನ್ನು ಕೇಳಬಹುದು, ನೀನು ಕೇಳಬಹುದೇನೇ?

ಗುಬ್ಬಿ ಹತ್ತಿರದ ನಮ್ಮೂರಿಗೆ ನಿನ್ನನ್ನು ನೋಡಲು ಗಂಡಿನವರು ಬರುವ ಹಿಂದಿನ ದಿನ ನಿನ್ನ ಬಾಯಿ ತುಂಬ ಹುಣ್ಣು. ಮಾತಾಡಿದರೂ ಉರಿ, ನಕ್ಕರೂ ಉರಿ. ನಿಮ್ಮಜ್ಜಿ ಪುಟ್ಟತಾಯಮ್ಮ ಗಣಿಕೆ ಸೊಪ್ಪನ್ನು ಬೇಳೆಯ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿಕೊಟ್ಟರು. ನಿಧಾನಕ್ಕೆ ವಾಸಿಯಾಗುತ್ತದೆ ಅಂದರು. ನಿನಗೆ ತಾಳ್ಮೆ ಎಲ್ಲಿತ್ತು? ಸೊಪ್ಪೇ ಇಷ್ಟು ಒಳ್ಳೆಯದಾದರೆ ಕಾಯಿ ಇನ್ನೂ ಒಳ್ಳೆಯದು ಎಂದುಕೊಂಡು, ಮರುದಿನ ಬೆಳಗ್ಗೆ ಹಿತ್ತಲಿನಲ್ಲಿ ಒಂದು ಹಿಡಿ ಹಸಿರು ಕಾಯಿ ಅಗಿದು ನುಂಗಿದೆ. ಕಪ್ಪಗೆ ಹಣ್ಣಾದದ್ದನ್ನು ನಾವು ಚಿಕ್ಕಂದಿನಿಂದಲೂ ತಿಂದವರೇ. ಹಸಿರು ಕಾಯಿಯ ಸಂಗತಿಯೇ ಬೇರೆ ಎಂದು ನಮಗೆ ಗೊತ್ತಿರಲಿಲ್ಲ.

ಗಂಡಿನವರು ಜಗಲಿ ಹತ್ತುವ ಹೊತ್ತಿಗೆ ನೀನು ರೇಷ್ಮೆ ಸೀರೆಯಲ್ಲೇ ಬಚ್ಚಲ ಬಳಿ ವಾಂತಿ ಮಾಡುತ್ತಾ, ತಲೆ ಎತ್ತಲಾರದೆ ನನ್ನ ಮೇಲೆ ಒರಗಿದ್ದೆ. ಗಂಡಿನ ಸೋದರಮಾವ ಅಪಶಕುನ ಎಂದು ಹೊರಟು ನಿಂತರು. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಆಗ ಫಿಟ್ಟರ್ ಆಗಿದ್ದ ಗಂಡು ಶಿವರಾಮಯ್ಯನವರೇ ಮಾವನನ್ನು ತಡೆದರು. “ಶಕುನ ಆಮೇಲ್ ನೋಡಾಣ ಮಾವ. ಹೆಂಗೂ ಬಾಡಿಗೆ ಕಾರ್ ಐತಲ್ಲ, ಮೊದ್ಲು ಆಸ್ಪತ್ರೆಗ್ ಕರ್ಕೊಂಡ್ ಹೋಗಾಣ” ಅಂದರು. ಮಾವನನ್ನು ಜಗಲಿಯಲ್ಲೇ ಬಿಟ್ಟು ಗುಬ್ಬಿಗೆ ಹೊರಟೆವು. ದಾರಿಯುದ್ದಕ್ಕೂ ನಿನ್ನ ಕೈ ತಣ್ಣಗಿತ್ತು. ಹೆಸರು ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ. ನಿನಗೆ ಇದನ್ನು ಎಂದೂ ಹೇಳಿಲ್ಲ.

ಡಾಕ್ಟರು ಗ್ಲೂಕೋಸ್ ಹಾಕಿದರು. ಹಸಿರು ಕಾಯಿಯಲ್ಲಿ ವಿಷ ಇರುತ್ತದೆ, ಚಿಕ್ಕ ಮಕ್ಕಳಾಗಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದು ಬೈದರು. ಸಂಜೆ ನೀನು ಚೇತರಿಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಶಿವರಾಮಯ್ಯನವರನ್ನು ಕಂಡು, ಇನ್ನೂ ಯಾಕೆ ಹೋಗಿಲ್ಲ ಎಂದು ಕೇಳಿದೆ.

“ಉಪ್ಪಿಟ್ಟೂ ಕೊಡ್ಲಿಲ್ಲ, ಹುಡುಗೀನೂ ತೋರಿಸ್ಲಿಲ್ಲ. ಹೆಂಗ್ ಹೋಗ್ಲಿ?”

ಉರಿಯುವ ಬಾಯಲ್ಲೇ ನಕ್ಕೆಯಲ್ಲ, ನೀನು ನಮ್ಮೂರು ಬಿಟ್ಟು ಹೊರಟೆ ಎಂದು ನನಗೆ ಆಗಲೇ ತಿಳಿಯಿತು. ಆಸ್ಪತ್ರೆಯ ಬೇವಿನ ಮರದ ಕೆಳಗೆ ಸಂತೋಷಕ್ಕೂ ಸಂಕಟಕ್ಕೂ ಒಟ್ಟಿಗೇ ಅತ್ತು ಬಂದೆ.

ಮಗಳಿಗೆ ಎಳೆ ಸೊಪ್ಪನ್ನು ಚೆನ್ನಾಗಿ ಬೇಯಿಸಿ ಕೊಡು. ಗಿಡದ ಗುರುತು ಅನುಮಾನವಾದರೆ ಕೀಳಲೇಬೇಡ. ಹುಣ್ಣು ಮಾಯದಿದ್ದರೆ ಡಾಕ್ಟರ ಹತ್ತಿರ ಹೋಗು.

ಇನ್ನೊಂದು ಸುದ್ದಿ ಕಣೇ. ನಮ್ಮ ಯಜಮಾನರಿಗೆ ಕುಣಿಗಲ್ಲಿಗೆ ವರ್ಗವಾಗಿದೆ. ನಿಮ್ಮ ಬೀದಿಯಲ್ಲೇ ಒಂದು ಮನೆ ಹುಡುಕು. ಆಮೇಲೆ ಕಾಗದದ ಗೊಡವೆಯೇ ಇಲ್ಲ, ಗೋಡೆಯಾಚೆಯಿಂದ ಕೂಗಿದರೆ ಸಾಕು.

ಮಗುವಿಗೊಂದು ಮುತ್ತು. ನಿಮ್ಮ ಮನೆ ಸದಾ ನಗುತ್ತಿರಲಿ.

ಗಂಟುಮೂಟೆ ಕಟ್ಟುತ್ತಿರುವ
ನಿನ್ನ ದಾಕ್ಷಾಯಣಿ