ಪೆಟ್ಟಿಗೆ ಹೊತ್ತವಳು

ಕುಶಾಲನಗರ,
ಭಾನುವಾರ ಸಂಜೆ

ನನ್ನ ಚಿನ್ನುವಿಗೆ,

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ನಿನ್ನ ಅಮ್ಮ ಆ ಕಂಪ್ಯೂಟರ್ ಆಟದಲ್ಲಿ ಮೋಸ ಮಾಡಲಿಲ್ಲ ಕಣೋ. ಮೋಸ ಮಾಡುವಷ್ಟು ಆಟ ನನಗೆ ಬರುತ್ತಿದ್ದರೆ ನಿಮ್ಮ ತಂಡ ನನ್ನ ದೆಸೆಯಿಂದ ಅಷ್ಟು ಸಲ ಯಾಕೆ ಸೋಲುತ್ತಿತ್ತು? ಬಾಗಿಲು ಯಾವುದು, ಗೋಡೆ ಯಾವುದು ಎಂದು ತಿಳಿಯದೆ ಗೋಡೆಗೆ ಡಿಕ್ಕಿ ಹೊಡೆಯುತ್ತಾ ನಿಂತಿರುತ್ತಿದ್ದವಳು ನಾನು. ಅಂಥವಳ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಮೋಸಗಾರರು ಎಂದು ಬರೆದರಲ್ಲ, ಬರೆದವರ ಕೈಗೆ ಏನು ಹೇಳಲಿ. ಬರೆದದ್ದು ಮನುಷ್ಯರ ಕೈಯೂ ಅಲ್ಲವಂತೆ, ಬೈಯುವುದಕ್ಕೂ ಒಂದು ಮುಖ ಇಲ್ಲ.

ನಾನೂ ನಿಮ್ಮಪ್ಪನೂ ಬೇರೆಯಾದಾಗ ಜಡ್ಜ್ ನಿನ್ನನ್ನು ಒಳಗೆ ಕರೆದು ಕೇಳಿದರು. ಸ್ಕೂಲು, ಸ್ನೇಹಿತರು ಎಲ್ಲ ಹಾಸನದಲ್ಲೇ, ಅಪ್ಪನ ಹತ್ತಿರವೇ ಇರ್ತೀನಿ ಎಂದೆಯಂತೆ. ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ಅದಕ್ಕೆ ನಿನ್ನ ಮೇಲೆ ಯಾವತ್ತೂ ಬೇಸರ ಮಾಡಿಕೊಂಡಿಲ್ಲ. ನಾನು ತವರೂರಿಗೆ ಬಂದು ಇಲ್ಲಿನ ಕಾಫಿ ಕ್ಯೂರಿಂಗ್ ವರ್ಕ್ಸಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ತಿಂಗಳಿಗೊಮ್ಮೆ ನಿನ್ನನ್ನು ಕರೆದುಕೊಂಡು ಬರಬಹುದಿತ್ತು. ದುಬಾರೆಗೆ ಕರೆದೊಯ್ದೆ, ಆನೆಗೆ ಸ್ನಾನ ಮಾಡಿಸುವುದನ್ನು ನೋಡೋ ಎಂದರೆ ಮೊಬೈಲು ನೋಡುತ್ತಾ ನಿಂತೆ. ಹಾರಂಗಿ ಅಣೆಕಟ್ಟಿನಲ್ಲಿ ಗೇಟು ತೆಗೆದಿದ್ದ ದಿನ ಅಷ್ಟು ನೀರು ಧುಮುಕುತ್ತಿದ್ದರೂ ನಿನ್ನ ತಲೆ ಮೇಲೇಳಲಿಲ್ಲ. ಫೋನಿನ ಕಥೆಯಂತೂ ಕೇಳಲೇಬೇಡ. ಊಟ ಆಯ್ತಾ? ಹ್ಞೂಂ. ಜ್ವರ ಬಿಡ್ತಾ? ಹ್ಞೂಂ. ಅಮ್ಮನ ಮೇಲೆ ಕೋಪಾನಾ? ಅದಕ್ಕೂ ಹ್ಞೂಂ.

ಆಗಲೇ ನಾನು, ಅದೇನೋ ಅಷ್ಟೊತ್ತಿಂದ ಆಡ್ತಿದೀಯ, ನಂಗೂ ಹೇಳ್ಕೊಡು ಎಂದದ್ದು. "ನಿಂಗೆ ಬರಲ್ಲ ಬಿಡಮ್ಮ. ಇದು ಬರೀ ವಿಡಿಯೋ. ಆಡಕ್ಕೆ ವಿಂಡೋಸ್ ಕಂಪ್ಯೂಟರ್ ಬೇಕು" ಎಂದೆ. ನಾನು ತಟ್ಟನೆ, ಇದೆಯಲ್ಲ ಎಂದುಬಿಟ್ಟೆ. ನೀನು ತಲೆ ಎತ್ತಿ ನೋಡಿದೆ ಚಿನ್ನು. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದೆ. ಆಮೇಲೆ ನಾನು ಇಲ್ಲ ಎನ್ನುವುದು ಹೇಗೆ?

ನನ್ನ ಹತ್ತಿರ ಇದ್ದದ್ದು ನಮ್ಮ ಆಫೀಸಿನವರು ಮೂಲೆಗೆ ತಳ್ಳಿ, ಬೇಕಾದರೆ ತಗೊಂಡು ಹೋಗಿ ಎಂದು ಕೊಟ್ಟ ಕಂಪ್ಯೂಟರು. ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಿರುವ ನಂದೀಶನ ಹತ್ತಿರ ಒಯ್ದೆ. "ಅಕ್ಕ, ಇದಕ್ಕೆ ಹೊಸ ವಿಂಡೋಸ್ ಹತ್ತಲ್ಲ, ಅದು ಕೇಳೋ ಚಿಪ್ಪೇ ಇದ್ರಲ್ಲಿಲ್ಲ. ಅದ್ರ ಬದ್ಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕ್ಕೊಡ್ತೀನಿ, ಟೈಪಿಂಗಿಗೆ ಸಾಕು" ಎಂದ. ಟೈಪಿಂಗಿಗಲ್ಲಪ್ಪ, ಆಟ ಆಡಕ್ಕೆ ಎಂದು ಆಟದ ಹೆಸರು ಹೇಳಿದಾಗ ಅವನು ನಗು ತಡೆದುಕೊಂಡದ್ದು ನನಗೆ ಕಾಣಿಸಿತು. "ಅದು ವಿಂಡೋಸಿಗೆ ಮಾತ್ರ ಅಕ್ಕ. ನೋಡಣ ಇರಿ, ಮಧ್ಯದಲ್ಲೊಂದು ಸಾಫ್ಟ್‌ವೇರ್ ಕೂರಿಸಿದ್ರೆ ಆಟ ಇದನ್ನೇ ವಿಂಡೋಸ್ ಅಂತ ನಂಬುತ್ತೆ."

ನನಗೆ ಅರ್ಥವಾಯಿತು. ನಮ್ಮ ವರ್ಕ್ಸಿನಲ್ಲಿ ಸಣ್ಣಿ ಎಂಬುವವಳಿದ್ದಾಳೆ, ಕಪ್ಪು ಬೀಜ ಆರಿಸುವ ಹೆಂಗಸರ ಜೊತೆ ಕೂರುತ್ತಾಳೆ. ಆ ಹೆಂಗಸರಿಗೆ ತಮಿಳು ಬಿಟ್ಟರೆ ಬಾರದು, ಸೂಪರ್‌ವೈಸರಿಗೆ ಕನ್ನಡ ಬಿಟ್ಟರೆ ಬಾರದು. ಇವರಂದದ್ದನ್ನು ಅವರಿಗೆ, ಅವರಂದದ್ದನ್ನು ಇವರಿಗೆ ಸಣ್ಣಿಯೇ ಹೇಳಿ ದಿನ ದೂಡುತ್ತಾಳೆ. ನಂದೀಶ ನನ್ನ ಕಂಪ್ಯೂಟರಿನಲ್ಲಿ ಕೂರಿಸಿದ್ದೂ ಅಂಥ ಒಬ್ಬ ಸಣ್ಣಿಯನ್ನೇ. ಅದರಲ್ಲಿ ಮೋಸ ಎಲ್ಲಿ ಬಂತು ಹೇಳು. ಕೆಲವು ಸಲ ಮನುಷ್ಯರ ಕಾಲು ಮಾಯವಾಗಿ ಬರೀ ಮುಂಡ ಓಡಾಡುತ್ತಿತ್ತು, ಆಕಾಶ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಅದೇ ಆಟದ ಚೆಂದ ಎಂದುಕೊಂಡಿದ್ದೆ. ನಿನಗೆ ಹೇಳಿದಾಗ ಕೇಕೆ ಹಾಕಿ ನಕ್ಕೆ. ಆ ನಗುವಿಗೋಸ್ಕರ ನೇರಳೆ ಆಕಾಶವನ್ನು ಸರಿಮಾಡಿಸಲೇ ಇಲ್ಲ.

ಆಟ ಇಷ್ಟೇ: ಒಂದು ಪಾಳುಬಿದ್ದ ಪಟ್ಟಣ, ಈ ತುದಿಯಿಂದ ಆ ತುದಿಗೆ ಔಷಧಿ ಪೆಟ್ಟಿಗೆ ಸಾಗಿಸಬೇಕು, ಎದುರು ತಂಡದವರು ಬಿಡುವುದಿಲ್ಲ. ಪೆಟ್ಟಿಗೆ ಹೊತ್ತವರ ಕೈಯಲ್ಲಿ ಆಯುಧ ಇರುವುದಿಲ್ಲ. ನನಗೆ ಗುರಿ ಇಡಲು ಬಾರದೆಂದು ನೀನೇ ಆ ಕೆಲಸ ಕೊಟ್ಟೆ. "ಅಮ್ಮ, ನೀನು ಪೆಟ್ಗೆ ಹೊತ್ಕೊ, ನಾನು ಮುಂದೆ ಹೋಗ್ತೀನಿ. ನನ್ ಬೆನ್ನು ಬಿಡ್ಬೇಡ." ಶನಿವಾರ ಸಂಜೆ ಬಂತೆಂದರೆ ಅಲ್ಲಿ ಹಾಸನದಲ್ಲಿ ನೀನು, ಇಲ್ಲಿ ನಾನು, ಮೈಕು ಹಾಕಿಕೊಂಡು ಸೊಂಟ ಕಟ್ಟಿ ಕೂರುತ್ತಿದ್ದೆವು. ಫೋನಿನಲ್ಲಿ ಬಾಯಿ ಬಿಡದ ಹುಡುಗ ಅಲ್ಲಿ ಓಡುತ್ತಾ ಓಡುತ್ತಾ ಎಷ್ಟು ಮಾತಾಡುತ್ತಿದ್ದೆ! ಗಣಿತದ ಮೇಷ್ಟ್ರು ಕಿವಿ ಹಿಂಡಿದ್ದು, ನಿಮ್ಮಪ್ಪ ಮಾಡುವ ಉಪ್ಪಿಟ್ಟು ಗಂಟಲಲ್ಲಿ ಇಳಿಯದ್ದು, "ಅಮ್ಮ, ಯಾರ್ಗೂ ಹೇಳ್ಬೇಡ, ನಂಗೆ ಮೀಸೆ ಬತ್ತಿದೆ" ಎಂದದ್ದು. ಒಂದು ಸಲ ಮುರಿದ ಗೋಡೆಯ ಹಿಂದೆ ಇಬ್ಬರೂ ಅವಿತು ಕೂತಿದ್ದಾಗ, "ಅಪ್ಪ ಇನ್ನೊಂದು ಮದ್ವೆ ಆಗ್ತಾರಂತಮ್ಮ" ಎಂದೆ. ನನ್ನ ಬೆರಳು ಎಲ್ಲೋ ಹೋಯಿತು, ಪೆಟ್ಟಿಗೆ ಕೆಳಗೆ ಬಿತ್ತು. ನೀನೇ ಎತ್ತಿ ಮತ್ತೆ ನನ್ನ ಮೇಲಿಟ್ಟು, "ಬೀಳಿಸ್ಬೇಡಮ್ಮ, ಇನ್ನೂ ದೂರ ಐತೆ" ಎಂದೆ. ಆ ದಿನ ನಾವು ಗೆದ್ದೆವು, ನೆನಪಿದೆಯಾ?

ಅಷ್ಟರಲ್ಲಿ ಆಟದ ಕಂಪನಿಯವರು ಹೊಸ ಕಾವಲು ಹಾಕಿದರು. ಮೋಸಗಾರರನ್ನು ಹಿಡಿಯಲು ಕಂಪ್ಯೂಟರಿನ ಒಳಗೆಲ್ಲ ಇಣುಕಿ ನೋಡುವ ತಂತ್ರಾಂಶವಂತೆ, ನಿಜವಾದ ವಿಂಡೋಸ್ ಅಲ್ಲದಿದ್ದರೆ ಬಾಗಿಲನ್ನೇ ತೆರೆಯುವುದಿಲ್ಲವಂತೆ. ನೀನೂ ನಿನ್ನ ತರಗತಿಯ ಗೆಳೆಯರೂ ತಂಡ ಕಟ್ಟಿ ಹೆಸರು ಕೊಟ್ಟಿದ್ದ ಪಂದ್ಯದ ವಾರವೇ ನನ್ನ ಆಟ ನಿಂತುಹೋಯಿತು. "ಅಮ್ಮ, ಪೆಟ್ಗೆ ಹೊರೋಕೆ ಬೇರೆ ಯಾರೂ ಇಲ್ಲ, ಬಾಮ್ಮ" ಎಂದು ನೀನು ಅಂಗಲಾಚಿದೆ. ನಾನು ನಂದೀಶನ ಪ್ರಾಣ ಹಿಂಡಿದೆ. ಅವನು ಎಲ್ಲೆಲ್ಲೋ ಹುಡುಕಿ ಏನೋ ಉಪಾಯ ಮಾಡಿದ. "ಓಪನ್ ಆಯ್ತು ಅಕ್ಕ, ಆದ್ರೆ ಗ್ಯಾರಂಟಿ ಕೊಡಲ್ಲ" ಎಂದ. ಗ್ಯಾರಂಟಿ ಯಾರಿಗೆ ಬೇಕಿತ್ತು, ನನಗೆ ಬೇಕಾದದ್ದು ನಿನ್ನ ಬೆನ್ನು.

ಪಂದ್ಯದ ಮಧ್ಯೆ, ಗುರಿ ಕಣ್ಣಿಗೆ ಕಾಣುತ್ತಿದ್ದಾಗ, ನನ್ನ ಪರದೆ ಕಪ್ಪಾಯಿತು. ನಿಮ್ಮ ಪರದೆಗಳ ಮೇಲೆ ನನ್ನ ಹೆಸರು ಬಂತು, ಮೋಸಗಾರರನ್ನು ಹೊರಹಾಕಲಾಗಿದೆ ಎಂದು. 'ಚಿನ್ನು ಅಮ್ಮ' ಎಂದು ನೀನೇ ಇಟ್ಟ ಹೆಸರು. ಜೊತೆಗೆ ಆಡಿದವರದ್ದೂ ತಪ್ಪೇ ಎಂದು ನಿಮ್ಮೆಲ್ಲರ ಅಂಕವನ್ನೂ ಅಳಿಸಿದರು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎನ್ನುತ್ತಾರಲ್ಲ, ಹಾಗಾಯಿತು. ನಿನ್ನ ಗೆಳೆಯರು ತರಗತಿಯಲ್ಲಿ ಏನೇನು ಅಂದರೋ ನನಗೆ ಗೊತ್ತಿಲ್ಲ. ನೀನು ಬರೆದದ್ದು ಮಾತ್ರ ಗೊತ್ತು. "ನಿನ್ನಿಂದ ನನ್ ಮಾನ ಹೋಯ್ತು. ಇನ್ಮೇಲೆ ಫೋನ್ ಮಾಡ್ಬೇಡ." ಕಂಪನಿಗೆ ಬರೆದುಕೊಂಡೆ, ಕಾಲು ಹಿಡಿಯುವ ಹಾಗೆ ಬರೆದೆ. ತೀರ್ಮಾನ ಬದಲಾಗುವುದಿಲ್ಲ ಎಂದು ಉತ್ತರ ಬಂತು. ಹಾಸನಕ್ಕೆ ಬಸ್ಸು ಹತ್ತಿ ಬಂದೆ. ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ನಿಮ್ಮಪ್ಪ ಒಳ್ಳೆಯ ಮಾತಿನಲ್ಲೇ, "ಅವನಿಗೆ ಮನಸ್ಸು ಬಂದಾಗ ನೋಡಣ ಬಿಡು" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಕಂಪನಿಯವರಿಗೆ ಅದು ಬರೀ ಒಂದು ಆಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಗಾದೆಯನ್ನು ನಾನು ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಅನುಭವಿಸಿದ್ದು ಆ ದಿನ ಬಸ್ಸಿನಲ್ಲಿ.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಮಳೆ ಶುರುವಾದ ಮೇಲೆ ಸೋಮವಾರಪೇಟೆ ಕಡೆಯ ಎಸ್ಟೇಟಿನವರೊಬ್ಬರು ಒಂದು ಒಳ್ಳೆಯ ವಿಂಡೋಸ್ ಕಂಪ್ಯೂಟರನ್ನು ನಂದೀಶನ ಹತ್ತಿರ ರಿಪೇರಿಗೆ ಬಿಟ್ಟಿದ್ದರು. ಸರಿಹೋದ ಮೇಲೂ ಒಯ್ಯಲು ಬರಲಿಲ್ಲ. "ಹೊಸ ಹೆಸ್ರಲ್ಲಿ ಒಂದ್ಸಲ ನೋಡಿ ಅಕ್ಕ" ಎಂದ ನಂದೀಶ. ಪಾಪ, ಅವನಿಗೂ ಒಳಗೊಳಗೇ ಕೊರೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಆಟದೊಳಗೇ ನೀವೊಂದು ಅಭ್ಯಾಸದ ರೂಮು ತೆರೆಯುತ್ತೀರಿ, ಅದಕ್ಕೆ ಯಾರು ಬೇಕಾದರೂ ಬರಬಹುದು ಎಂದು ನನಗೆ ಗೊತ್ತಿತ್ತು. ನಂದೀಶನ ಅಂಗಡಿಯಲ್ಲೇ ಕೂತು, ಹೊಸ ಹೆಸರೂ ಬೇಡವೆಂದು ಹೆಸರು ಹಾಕದೆ ಒಳಗೆ ಬಂದೆ. ಹೆಸರಿಲ್ಲದವರನ್ನು ಆಟವೇ ಗೆಸ್ಟ್ ಎಂದು ಕರೆಯುತ್ತದೆ.

ಅಲ್ಲಿ ನಿನ್ನ ದನಿ ಕೇಳಿಸಿತು. ದನಿ ಒಡೆದಿದೆ ಚಿನ್ನು, ದಪ್ಪಗಾಗಿದೆ. ಮೊದಲು ನೀನೆಂದು ಗೊತ್ತಾಗಲೇ ಇಲ್ಲ. "ಗೆಸ್ಟ್ ಬ್ರೋ, ಹೊಸಬ್ರಾ? ಮೈಕ್ ಇಲ್ವಾ? ಪರ್ವಾಗಿಲ್ಲ, ನೀವು ಪೆಟ್ಗೆ ಹೊತ್ಕೊಳಿ" ಎಂದೆ. ಮೈಕು ನನ್ನ ಬಾಯಿಯ ಮುಂದೆಯೇ ಇತ್ತು, ಬಟನ್ನು ಒತ್ತಿದರೆ ಸಾಕಿತ್ತು. ಒತ್ತಿದರೆ ನೀನು ಎದ್ದು ಹೋಗುತ್ತೀಯ ಎಂದು ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಆಮೇಲಿನ ಭಾನುವಾರಗಳೂ ಹಾಗೆಯೇ. ಒಂದು ದಿನ ನಾನು ಗೋಡೆಗೆ ಡಿಕ್ಕಿ ಹೊಡೆಯುತ್ತಾ ನಿಂತಾಗ ನಿನ್ನ ಗೆಳೆಯನೊಬ್ಬ, "ಲೋ, ಥೇಟ್ ನಿಮ್ಮಮ್ಮನೇ ಕಣೋ ಇವ್ರು" ಎಂದು ನಕ್ಕ. "ನಮ್ಮಮ್ಮನ ಸುದ್ದಿ ಎತ್ಬೇಡ" ಎಂದೆ ನೀನು. ಅದು ಸಿಟ್ಟೋ, ಸಂಕಟವೋ, ಇವತ್ತಿಗೂ ನನಗೆ ತಿಳಿದಿಲ್ಲ. ನಂದೀಶನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತೆ. ನೀನು ಮಾತ್ರ ಎಷ್ಟು ಮರ್ಯಾದೆಯಿಂದ, "ಬ್ರೋ, ಈ ಕಡೆ ಬನ್ನಿ, ಹೆದರ್ಬೇಡಿ. ನನ್ ಬೆನ್ನು ಬಿಡ್ಬೇಡಿ" ಎಂದೆ. ಅಮ್ಮನಿಗೆ ಕೊಡದ ಕರುಣೆಯನ್ನು ಹೆಸರಿಲ್ಲದವರಿಗೆ ಕೊಡುತ್ತಿದ್ದೀಯಲ್ಲೋ. ನನಗೆ ಹೊಟ್ಟೆಕಿಚ್ಚಾಯಿತು, ಯಾರ ಮೇಲೆ? ನನ್ನ ಮೇಲೇ.

ಇವತ್ತು ಎಸ್ಟೇಟಿನವರು ತಮ್ಮ ಕಂಪ್ಯೂಟರ್ ಒಯ್ಯಲು ಜೀಪು ತಂದು ಅಂಗಡಿಯ ಮುಂದೆ ನಿಲ್ಲಿಸಿಕೊಂಡಿದ್ದರು. "ಇದೊಂದು ಆಟ ಮುಗೀಲಿ ಸಾರ್" ಎಂದು ನಂದೀಶ ಅವರಿಗೆ ಟೀ ತರಿಸಿ ಕೂರಿಸಿದ. ನಾವು ಗೆದ್ದೆವು, ಪೆಟ್ಟಿಗೆಯನ್ನು ಒಂದು ಸಲವೂ ಬೀಳಿಸಲಿಲ್ಲ. ಎಲ್ಲರೂ ಹೊರಟ ಮೇಲೆ ನೀನು ನಿಂತು, "ಗೆಸ್ಟ್ ಬ್ರೋ, ಮುಂದಿನ್ ವಾರ ಬತ್ತೀರ ತಾನೆ? ನಿಮ್ಗೋಸ್ಕರ ಜಾಗ ಇಟ್ಟಿರ್ತೀನಿ" ಎಂದು ಕೇಳಿದೆ. ಬೆರಳು ಮೈಕಿನ ಬಟನ್ನಿನ ಮೇಲೆಯೇ ಇತ್ತು. ಚಿನ್ನು ಎನ್ನಲು ಬಾಯಿ ತೆರೆದೆ. ಆಗಲಿಲ್ಲ ಕಂದ. ಕೀಬೋರ್ಡಿನಲ್ಲಿ ಹ್ಞೂಂ ಎಂದು ಒತ್ತಿದೆ. ನಂದೀಶ ವೈರು ಎಳೆದ.

ಮುಂದಿನ ಭಾನುವಾರ ನೀನು ಜಾಗ ಇಟ್ಟುಕೊಂಡು ಕಾಯುತ್ತೀಯ, ಗೆಸ್ಟ್ ಬ್ರೋ ಬರುವುದಿಲ್ಲ. ಮಾತು ಕೊಟ್ಟು ಮೋಸ ಮಾಡಿದ ಎನ್ನುತ್ತೀಯ. ಆಗ ಮಾಡದ ಮೋಸಕ್ಕೆ ನಿನ್ನನ್ನು ಕಳೆದುಕೊಂಡೆ, ಈಗ ನಿಜವಾಗಿಯೂ ಮಾಡಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಆ ಗೆಸ್ಟ್ ಯಾರೆಂದು ನಿನಗೆ ತಿಳಿಯುತ್ತದೆ, ಆಮೇಲೆ ದಾರಿ ತಪ್ಪಿ ಬಂದ ಯಾವ ಹೊಸಬರನ್ನೂ ನೀನು ನಂಬುವುದಿಲ್ಲ. ಸ್ವಲ್ಪ ಹೊತ್ತು ಕಾದು, ಪೆಟ್ಟಿಗೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಮಗನೇ.

ಮುಂದೆ ನಡೆಯುವ ನಿನ್ನ ಬೆನ್ನನ್ನು ಕಾವೇರಮ್ಮ ಕಾಯಲಿ, ನನ್ನಿಂದ ಆಗಲಿಲ್ಲ.

ಇಂತಿ ನಿನ್ನ
ಅಮ್ಮ